ಮೊಲದ ಬಲೆಗೆ ಸಂಬಂಧ ಕುದುರಿಸಿದ್ದು

ಹಗ್ಗದ ಅಂಗಡಿಗೆ ಬಂದವರು ಮೊದಲು ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು ನೋಡುತ್ತಾರೆ. ಅದು ತಪ್ಪು. ಎಳೆದಾಗ ಯಾವ ಹಗ್ಗವೂ ಗಟ್ಟಿಯಾಗಿಯೇ ಕಾಣುತ್ತದೆ. ತುದಿಯ ಹುರಿ ಬಿಚ್ಚಿ, ಒಳಗಿನ ಎಳೆಯನ್ನು ಉಗುರಿನ ಮೇಲೆ ಸವರಬೇಕು. ಪುಡಿ ಉದುರಿದರೆ ಹಗ್ಗಕ್ಕೆ ಮುಪ್ಪು ಬಂದಿದೆ ಎಂದು ತಿಳಿಯಿರಿ, ಅಂಗಡಿಯವನು ಏನೇ ಹೇಳಲಿ.

ಕೂಡ್ಲಿಗಿ ಕಡೆಯ ಗುಡ್ಡದ ಬುಡದ ಹಳ್ಳಿಯೊಂದರ ಹಿರಿಯರು ಕೊಟ್ಟೂರಿನ ನನ್ನ ಅಂಗಡಿಗೆ ಬಂದು ಹಳೆಯ ಬಲೆಯೊಂದನ್ನು ಹಲಗೆಯ ಮೇಲೆ ಹರಡಿದಾಗ ನಾನು ಅದನ್ನೇ ಮಾಡಿದೆ. ಹುರಿ ಬಿಚ್ಚುವ ಮೊದಲೇ ಪುಡಿ ಉದುರಿತು.

"ಇದು ಬಲಿ ಅಲ್ಲ ಯಜಮಾನ್ರ, ನಶ್ಯ," ಅಂದೆ.

ಅವರು ನಗಲಿಲ್ಲ. ಎತ್ತಿಗೆ ಕಣ್ಣಿ, ಬಾವಿಗೆ ಮಿಣಿ ಎಂದು ವರ್ಷಕ್ಕೆ ಮೂರ್ನಾಲ್ಕು ಸಲ ಬರುವ ಗಿರಾಕಿ. ನಾನು ಸೈಕಲ್ಲಿನ ಮೇಲೆ ಹಗ್ಗ ಹೇರಿಕೊಂಡು ಹಳ್ಳಿ ಹಳ್ಳಿ ಮಾರುತ್ತಿದ್ದ ಕಾಲದಿಂದ ಪರಿಚಯ. ನನ್ನ ಕುಚೋದ್ಯಕ್ಕೆ ಎಂದೂ ಉತ್ತರ ಬಾಕಿ ಇಡದ ಮನುಷ್ಯ ಆ ದಿನ ಸುಮ್ಮನೆ ಬಲೆಯ ಕಣ್ಣುಗಳನ್ನು ಬೆರಳಿನಿಂದ ಬಿಡಿಸುತ್ತ ಕುಳಿತರು.

ವಿಷಯ ಇಷ್ಟು. ಆ ಊರಿನಲ್ಲಿ ಸಂಕ್ರಾಂತಿಯ ದಿನ ಬೆಳಿಗ್ಗೆ ಗುಡ್ಡದಲ್ಲಿ ಬಲೆ ಹಾಕಿ ಒಂದು ಮೊಲವನ್ನು ಜೀವಂತ ಹಿಡಿಯುತ್ತಾರೆ. ಅದನ್ನು ದೇವರ ಮುಂದೆ ತಂದು, ಬಿಳಿ ಬಟ್ಟೆಯಿಂದ ಮೈ ಒರೆಸಿ, ಕಿವಿಯ ಬುಡಕ್ಕೆ ಕೆಂಪು ಮಣಿಯ ದಾರ ಸಡಿಲಾಗಿ ಕಟ್ಟಿ, ಬಂದ ಗುಡ್ಡಕ್ಕೇ ಬಿಡುತ್ತಾರೆ. ಯಾರ ಮನೆಯ ಬಲೆಗೆ ಬಿತ್ತೋ ಆ ಮನೆಯವರು ಮಣಿ ಕಟ್ಟಬೇಕು. ಒರೆಸಿದ ಬಟ್ಟೆಗೆ ಒಂದು ಹನಿ ರಕ್ತ ಹತ್ತಿದರೂ ಬಿಡುವ ಶಾಸ್ತ್ರ ಇಲ್ಲ. ಮೊಲ ಬಿಡದ ವರ್ಷ ಊರಿನಲ್ಲಿ ಮದುವೆಯ ಹಂದರ ಹಾಕುವಂತಿಲ್ಲ.

"ಹ್ವಾದ ಹ್ವಾದ ವರ್ಷ ಮೊಲ ಬಲ್ಯಾಗ ಕುತ್ತಿಗಿ ಸಿಕ್ಕಿ ಸತ್ತು ಹೋತು. ಹ್ವಾದ ವರ್ಷ ಬೀಳಲೇ ಇಲ್ಲ," ಅಂದರು ಹಿರಿಯರು. "ನನ್ನ ಮೊಮ್ಮಗಳ ನಿಶ್ಚಯ ಆಗಿ ಎರಡು ವರ್ಷಾತು. ಹರಪನಹಳ್ಳಿ ಕಡಿ ಬೀಗರು. ಒಳ್ಳೇರು. ಆದ್ರ ಅವರ ಮನ್ಯಾಗೂ ಹುಡುಗನ ಕೆಳಗ ಇನ್ನೂ ಇಬ್ರು ಅದಾರ. ಈ ಸಂಕ್ರಾಂತಿಗೂ ಆಗ್ಲಿಲ್ಲ ಅಂದ್ರ ಬ್ಯಾರೆ ಕಡಿ ನೋಡ್ತೀವಿ ಅಂತ ಹೇಳಿ ಕಳಿಸ್ಯಾರ."

"ಮದುವಿ ಬ್ಯಾರೆ ಊರಾಗ ಮಾಡಿದ್ರ?"

"ನಮ್ಮೂರ ಹೆಣ್ಣುಮಗಳಿಗೆ ನಮ್ಮೂರಾಗ ಹಂದರ ಇಲ್ಲೇನು?" ಅಂದರು.

ಈಗ ಮೊಲಕ್ಕೆ ಬಲೆ ಹಾಕುವಂತಿಲ್ಲ, ಹಾಕಲೂಬಾರದು. ಇದು ಎಪ್ಪತ್ತರ ದಶಕದ ಕೊನೆಯ ಮಾತು. ಆಗ ನಾನು ಬಲೆಯ ವ್ಯಾಪಾರಿಯಲ್ಲ. ಆದರೆ ಬಲೆ ಎಂದರೆ ಹಗ್ಗವೇ ಅಲ್ಲವೇ, ತೂತುಗಳನ್ನು ಸೇರಿಸಿ ಮಾರಿದ ಹಗ್ಗ, ಎಂದು ಧೈರ್ಯ ಮಾಡಿ ಒಪ್ಪಿಕೊಂಡೆ. ಒಂದೇ ಉದ್ದ ಬಲೆ ಮಾಡಿಸಿಬಿಡೋಣ ಅಂದದ್ದಕ್ಕೆ ಅವರು ಕೈ ಅಡ್ಡ ಆಡಿಸಿದರು. "ಏಳು ಮನಿಗೆ ಬಲಿ ಹಕ್ಕು ಐತಿ. ಏಳು ತುಂಡನ ಬೇಕು. ಅವರವರ ಬಲಿ ಅವರವರದು." ಹೊರಲು ಸುಲಭವಾಗಲೆಂದು ಹೀಗೆ ಹೇಳುತ್ತಾರೆ ಎಂದುಕೊಂಡೆ. ಗಿರಾಕಿ ಒಂದು ಮಾತನ್ನು ಒತ್ತಿ ಹೇಳಿದರೆ ಕಾರಣ ಕೇಳಿಕೊಳ್ಳಬೇಕು. ನಾನು ಕೇಳಲಿಲ್ಲ.

ಹಳೆಯ ಬಲೆ ಪುಂಡಿ ನಾರಿನದು. ಪುಂಡಿ ನಾರು ಒಣಗಿದಾಗ ಸೆಟೆಯುತ್ತದೆ, ನೆಂದಾಗ ಭಾರ, ಎರಡು ಮಳೆಗಾಲ ಕಂಡರೆ ಪುಡಿ. ಆಗ ನಮ್ಮ ಕಡೆ ನೈಲಾನ್ ಹೊಸದಾಗಿ ಬಂದಿತ್ತು. ಹೊಸ ಮಾಲಿನ ಮೇಲೆ ನನಗೆ ಮೊದಲಿನಿಂದಲೂ ಮೋಹ. ರೈಲಿನಲ್ಲಿ ಹಗರಿಬೊಮ್ಮನಹಳ್ಳಿಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಹಂಪಸಾಗರಕ್ಕೆ ಇಳಿದೆ. ಹಿನ್ನೀರಿನ ದಡದಲ್ಲಿ ಮೀನು ಹಿಡಿಯುವವರು ಬಲೆ ಒಣಹಾಕಿದ್ದರು. ಅಲ್ಲಿ ಬಲೆ ಹೆಣೆದು ಮಾರುವ ಒಬ್ಬಾಕೆ, ನನಗಿಂತ ನಾಲ್ಕಾರು ವರ್ಷ ದೊಡ್ಡವಳು, ಕಾಲ್ಬೆರಳಿಗೆ ಬಲೆಯ ತುದಿ ಸಿಕ್ಕಿಸಿಕೊಂಡು ಕುಳಿತಿದ್ದಳು.

"ಮೊಲಕ್ಕೇನ್ರಿ? ನಿಮ್ಮ ಕಡಿ ಮೊಲ ಈಜ್ತಾವೇನು?"

"ಓಡ್ತಾವ ಅಕ್ಕಾ. ನಿನ್ನ ಮೀನಕ್ಕಿಂತ ಜೋರು."

"ಹಂಗಾರ ಬಲಿ ಯಾಕ? ರೈಲು ತಗೊಳ್ರಿ."

ಚೌಕಾಸಿಯಲ್ಲಿ ನನಗೆ ಸರಿಸಾಟಿ ಸಿಕ್ಕಿತೆಂದು ಅಲ್ಲೇ ಚಪ್ಪಲಿ ಬಿಟ್ಟು ಕುಳಿತೆ. ಆಕೆ ಇಳಿಸಲಿಲ್ಲ, ನಾನು ಏರಿಸಲಿಲ್ಲ. ಚಹಾ ಬಂತು, ಕುಡಿದೆವು. ನಾನು ಎರಡು ಸಲ ಎದ್ದು ಹೊರಟೆ, ಎರಡನೆಯ ಸಲ ಆಕೆ ಕರೆದಳು. ಕೊನೆಗೆ ಅಷ್ಟಿಷ್ಟು ಬಳಸಿದ ನೈಲಾನ್ ಬಲೆ ಏಳು ತುಂಡು, ಅಡಿಯ ಹಗ್ಗಕ್ಕೆ ಪೋಣಿಸಿದ ಸೀಸದ ಗುಂಡು ಸಮೇತ ನನ್ನ ದರಕ್ಕೇ ಬಿತ್ತು. ಗೆದ್ದೆ ಎಂದು ಬೀಗುತ್ತ ಬಂದೆ. ಚೌಕಾಸಿಯಲ್ಲಿ ಗೆದ್ದ ಖುಷಿ ಬಂದಾಗ ಮಾಲನ್ನು ಇನ್ನೊಮ್ಮೆ ನೋಡಬೇಕು. ಆ ಖುಷಿಯೇ ಕಣ್ಣಿಗೆ ಕಟ್ಟಿದ ಬಟ್ಟೆ.

ಮೊಲದ ಮೇಲೆ ಪರೀಕ್ಷೆ ಮಾಡಲು ಬರುವಂತಿರಲಿಲ್ಲ. ಹಿರಿಯರ ಕಣದಲ್ಲಿ ಬಲೆಯನ್ನು ಗೂಟಗಳಿಗೆ ಬಿಗಿದು, ದೊಡ್ಡ ಮೊಲದಷ್ಟು ತೂಕಕ್ಕೆ ಹೊಟ್ಟು ತುಂಬಿದ ಗೋಣಿಯ ಕೈಚೀಲವನ್ನು ನೆಲಕ್ಕೆ ತಾಗುವಂತೆ ಬೀಸಿ ಎಸೆಯಲು ಹೇಳಿದೆ. ಊರು ನೋಡಲು ಬಂತು. ಆ ಊರಿನಲ್ಲಿ ಎರಡು ಬೆಡಗು, ಅಂದರೆ ಕುಲದ ಕವಲು: ಹುಣಸೆಯವರು, ಬೇವಿನವರು. ನಮ್ಮ ಹಿರಿಯರು ಹುಣಸೆಯವರಿಗೆ ದೊಡ್ಡವರು. ಬೇವಿನವರ ದೊಡ್ಡ ಮನುಷ್ಯ ಅವರ ವಾರಿಗೆಯವನೇ. ತೆಳ್ಳಗೆ, ಉದ್ದಕ್ಕೆ, ಬಾಯಿ ಅವನ ಬೆಡಗಿನ ಹೆಸರಿಗೆ ತಕ್ಕ ಹಾಗೆ ಕಹಿ.

ಚೀಲ ಬಲೆಗೆ ಬಡಿಯಿತು. ಬಲೆ ತಂತಿಯಂತೆ ಬಿಗಿದು ಚೀಲವನ್ನು ಹಿಂದಕ್ಕೆ ಒಗೆಯಿತು. ಅದು ಉರುಳುತ್ತ ಬಂದು ನನ್ನ ಮೊಣಕಾಲಿಗೆ ಬಡಿಯಿತು.

"ಸಾವ್ಕಾರ್ರ, ನಿಮ್ಮ ಮೊಲ ವಾಪಸ್ ಅಂಗಡಿಗೆ ಹೊಂಟೈತಿ ನೋಡ್ರಿ," ಅಂದ ಬೇವಿನ ಯಜಮಾನ.

ಬಲೆ ಸಡಿಲು ಮಾಡಿ ಮತ್ತೆ ಎಸೆಸಿದೆ. ಈ ಸಲ ಚೀಲ ಒಳಗೆ ಹೋಯಿತು, ಆದರೆ ಸೀಸದ ಗುಂಡುಗಳು ಅಡಿಯನ್ನು ನೆಲಕ್ಕೆ ಜಗ್ಗಿ ಹಿಡಿದಿದ್ದರಿಂದ ಬಲೆ ಮಡಚಿಕೊಳ್ಳಲಿಲ್ಲ. ನೀರಿನಲ್ಲಿ ಗುಂಡು ಬೇಕು. ನೆಲದ ಮೇಲೆ ಅದು ಶತ್ರು. ಮೊಲ ಬಡಿದಾಗ ಬಲೆ ಅದರ ಮೇಲೆ ಕುಸಿದು ಜೋಳಿಗೆಯಂತೆ ಸುತ್ತಿಕೊಳ್ಳಬೇಕು. ಚೀಲ ಬಿಡಿಸಿ ನೋಡಿದರೆ ನೈಲಾನ್ ದಾರ ಗೋಣಿಯ ಎಳೆಗಳನ್ನು ಚಾಕುವಿನಂತೆ ಸವರಿತ್ತು.

ಹಿರಿಯರ ಮೊಮ್ಮಗಳು ಗುಂಪಿನ ಹಿಂದೆ ನಿಂತಿದ್ದಳು. ಮದುವೆ ಯಾರದೋ ಅವಳು ಮುಂದೆ ಬರಬಾರದೆಂದು ಅಜ್ಜಿಯರು ಹಿಂದಕ್ಕೆ ದಬ್ಬಿದ್ದರಂತೆ. ಅವಳು ನುಸುಳಿ ಬಂದು ಬಲೆಯೊಳಗೆ ಕೈ ಹಾಕಿ, ಒಮ್ಮೆ ಝಾಡಿಸಿ ಹೊರತೆಗೆದು ನನ್ನ ಮುಂದೆ ಹಿಡಿದಳು. ಮುಂಗೈ ಮೇಲೆ ಬಿಳಿಯ ಗೆರೆ ಮೂಡಿ, ನೋಡುತ್ತಿದ್ದಂತೆ ಕೆಂಪಾಯಿತು.

"ಅಣ್ಣಾ, ಇದು ರೊಟ್ಟಿ ತಟ್ಟಿದ ಕೈ. ಮೊಲದ ಕಿವಿ ಇದಕ್ಕಿಂತ ತೆಳ್ಳಗಿರ್ತೈತಿ."

ಅಲ್ಲಿಗೆ ನೈಲಾನ್ ಮುಗಿಯಿತು. ಹತ್ತಿ ನೂಲಿನ ಬಲೆಯೇ ಆಗಬೇಕು. ಮೆತ್ತಗೆ, ಗಂಟು ಜಾರುವುದಿಲ್ಲ, ಬಿಸಿಲಿಗೆ ಮಿಂಚುವುದಿಲ್ಲ. ಇನ್ನುಳಿದದ್ದು ಬಲೆಯ ಕಣ್ಣಿನ ಅಳತೆ. ಹಳೆಯ ಬಲೆಯಲ್ಲಿ ಮೊಲದ ತಲೆ ಪೂರ್ತಿ ತೂರಿ ಕುತ್ತಿಗೆಗೆ ಉರುಳಾಗಿತ್ತು. ಮೂತಿ ಹೋಗಬೇಕು, ಕಿವಿಯ ಬುಡ ಹೋಗಬಾರದು. ಹಿರಿಯರು ಅಂಗೈ ಮಡಚಿ ತೋರಿಸಿದರು, ಬೇವಿನ ಯಜಮಾನ ಬೆರಳು ಸೇರಿಸಿ ಬೇರೆ ಅಳತೆ ತೋರಿಸಿದ. ಇಬ್ಬರಿಗೂ ಹೊಂದಲಿಲ್ಲ. ಮೊಮ್ಮಗಳು ಒಳಗೆ ಹೋಗಿ ತಾನು ಕೂಸಿದ್ದಾಗ ಹಾಕಿದ್ದ ಹಿತ್ತಾಳೆ ಬಳೆ ತಂದಳು. ಇಬ್ಬರೂ ಅದನ್ನು ತಿರುವಿ ತಿರುವಿ ನೋಡಿ, ಜೀವನದಲ್ಲಿ ಅಪರೂಪಕ್ಕೆ ಒಂದೇ ಮಾತು ಹೇಳಿದರು: "ಬರೋಬರಿ ಐತಿ."

ಬಳೆಯನ್ನು ಜೇಬಿನಲ್ಲಿಟ್ಟುಕೊಂಡು ಮತ್ತೆ ಹಂಪಸಾಗರಕ್ಕೆ ಹೋದೆ.

"ಮೊಲ ಸಿಕ್ತೇನ್ರಿ?" ಅಂತ ಕೇಳಿದಳು ಬಲೆಯಾಕೆ.

"ಮೊಲ ಸಿಗ್ಲಿಲ್ಲ ಅಕ್ಕಾ, ನಾ ಸಿಕ್ಕೆ."

ಮಾರಿದ ಮಾಲು ವಾಪಸ್ ತೆಗೆದುಕೊಳ್ಳುವ ಪದ್ಧತಿ ನದಿ ದಡದಲ್ಲಿ ಇಲ್ಲ ಅಂದಳು. ಕೊಟ್ಟೂರಿನಲ್ಲೂ ಇಲ್ಲ ಅಂದೆ. ಆಮೇಲೆ ನಾನು ಸುತ್ತ ನೋಡಿದೆ. ಅವಳ ಮನೆಯವರ ದೋಣಿ ಕಟ್ಟಿದ್ದ ಹಗ್ಗ ಮೂರು ಕಡೆ ಗಂಟು ಬಿದ್ದು ಸವೆದಿತ್ತು. ಎದುರಿನವರಿಗೆ ಏನು ಬೇಕೆಂದು ಅವರ ಬಾಯಿಯಿಂದ ಕೇಳಬಾರದು, ಅಂಗಳ ನೋಡಿ ತಿಳಿಯಬೇಕು. ದೋಣಿಗೆ ಹೊಸ ಹಗ್ಗ ನಾನು ಕೊಡುವುದು, ನೈಲಾನ್ ಅವಳು ಇಟ್ಟುಕೊಳ್ಳುವುದು, ನಾನು ತಂದುಕೊಡುವ ಮೂರೆಳೆ ಹತ್ತಿ ಹುರಿಯಲ್ಲಿ ಏಳು ಬಲೆ ಹೆಣೆದುಕೊಡುವುದು ಎಂದಾಯಿತು. ಅಳತೆಗೆ ಬಳೆ ತೆಗೆದುಕೊಟ್ಟಾಗ ಆಕೆ ನಕ್ಕು ನಕ್ಕು ಕಾಲಿನ ಬಲೆ ಕಳಚಿತು.

"ಬಲಿಗೆ ಬಳಿ ಅಳತಿ! ಮೊಲಕ್ಕ ಸೀರಿ ಉಡಸ್ತೀರೇನು?"

"ಸೀರಿ ಉಡೋಳು ಬ್ಯಾರೆ ಅದಾಳ ಅಕ್ಕಾ. ಲಗೂನ ಮುಗಿಸಿಕೊಡು."

ಕಾರಣ ಕೇಳಿ ತಿಳಿದುಕೊಂಡಳು. ಆಮೇಲೆ ಚೌಕಾಸಿ ಮಾಡಲಿಲ್ಲ. ಬಳೆಗೆ ಸರಿಯಾಗಿ ಬಿದಿರಿನ ಪಟ್ಟಿ ಕೆತ್ತಿ, ಒಂದೊಂದು ಕಣ್ಣನ್ನೂ ಅದರ ಮೇಲೆ ಸುತ್ತಿ ಗಂಟು ಹಾಕಿದಳು.

ಬಲೆ ಬಂದ ಮೇಲೆ ನನ್ನ ಕೆಲಸ. ಬಿಳಿ ನೂಲನ್ನು ಹಾಗೇ ಕಟ್ಟಿದರೆ ಮೊಲ ಹೊಲದಾಚೆಯಿಂದಲೇ ನೋಡುತ್ತದೆ. ತಂಗಡಿ, ಅಂದರೆ ಆವರಿಕೆ ಗಿಡದ ತೊಗಟೆ ಜಜ್ಜಿ ಡ್ರಮ್ಮಿನಲ್ಲಿ ಕುದಿಸಿ ಬಲೆಗಳನ್ನು ಅದರಲ್ಲಿ ಅದ್ದಿದೆ. ನೂಲಿಗೆ ಆಯಸ್ಸು ಬರುತ್ತದೆ, ಬಣ್ಣ ನಮ್ಮ ಕೆಂಪು ಮಸಾರಿ ಮಣ್ಣಿನದೇ ಆಗುತ್ತದೆ. "ಬಣ್ಣ ಬಿಡಂಗಿಲ್ಲ, ಗ್ಯಾರಂಟಿ," ಎಂದು ಏಳೂ ಮನೆಯವರ ಮುಂದೆ ಹೇಳಿದೆ. ನಿಜ ಹೇಳಬೇಕೆಂದರೆ ಎರಡನೆಯ ಸಲ ಅದ್ದಿ ನೆರಳಿನಲ್ಲಿ ನಿಧಾನಕ್ಕೆ ಒಣಗಿಸಬೇಕಿತ್ತು. ಹಬ್ಬ ಹತ್ತಿರ ಬಂದಿತ್ತು, ಒಂದೇ ಸಲ ಅದ್ದಿ ಬಿಸಿಲಿಗೆ ಹಾಕಿದ್ದೆ.

ಗೂಟಕ್ಕೆ ಬಿದಿರು ಬೇಡವೆಂದೆ, ಜಾಲಿ ಮೊದಲೇ ಬೇಡ. ಜಾಲಿಯ ಗಿಣ್ಣಿಗೆ ಬಲೆ ಸಿಕ್ಕಿಕೊಂಡರೆ ಬಿಡಿಸುವಷ್ಟರಲ್ಲಿ ಹೊತ್ತು ಏರುತ್ತದೆ. ಗುಡ್ಡದ ತುಂಬ ಬಂದರಿಕೆ ಗಿಡ. ನೆಟ್ಟಗಿನ ಕಡ್ಡಿ ಆರಿಸಿ, ತೊಗಟೆ ಸುಲಿದು, ತೊಡೆಯೆತ್ತರಕ್ಕೆ ಕಡಿದು, ಒಂದು ತುದಿ ಚೂಪು ಮಾಡಿಸಿದೆ. ಗೂಟವನ್ನು ಆಳಕ್ಕೆ ನೆಡಬಾರದು. ಮೊಲ ಬಡಿದ ಕೂಡಲೇ ಅಕ್ಕಪಕ್ಕದ ಎರಡು ಗೂಟ ಕಿತ್ತು ಬಲೆಯ ಜೊತೆಗೇ ಬೀಳಬೇಕು. ಹತ್ತು ಮಾರು ಹಗ್ಗಕ್ಕೆ ಹದಿನೈದು ಮಾರು ಬಲೆ ಪೋಣಿಸಿದೆ, ಜೋಲು ಇರಲೆಂದು. ಹೊಟ್ಟಿನ ಚೀಲ ಎಸೆದರೆ ಸದ್ದಿಲ್ಲದೆ ನುಂಗಿತು. ಬೇವಿನ ಯಜಮಾನ ಚೀಲವನ್ನು ಬಿಡಿಸಿ, ತಿರುವಿ ನೋಡಿ, ಬೈಯಲು ಏನೂ ಸಿಗದೆ ಗೋಣಿಯ ಹೊಲಿಗೆಯನ್ನು ಬೈದ.

ಹಬ್ಬಕ್ಕೆ ಮೊದಲು ಒಂದು ದಿನ ಗುಡ್ಡದಲ್ಲಿ ಸುಮ್ಮನೆ ಬಲೆ ಕಟ್ಟಿ ಸೋವಿ ನೋಡೋಣ ಎಂದೆ. ಸೋವುವುದೆಂದರೆ ಜನ ಸಾಲಾಗಿ ಗಿಡಗಂಟಿ ಬಡಿಯುತ್ತ ಮೊಲಗಳನ್ನು ಬಲೆಯ ಕಡೆ ಓಡಿಸುವುದು. ನಾಯಿ ಇಲ್ಲ, ಕಲ್ಲು ಎಸೆಯುವಂತಿಲ್ಲ. ಏಳು ಮನೆಯವರು ತಮ್ಮ ತಮ್ಮ ಬಲೆ ಕಟ್ಟಿದರು. ಮೊದಲು ಹುಣಸೆಯವರ ನಾಲ್ಕು, ಹಿರಿಯರದೇ ತುದಿಗೆ; ಆಮೇಲೆ ಬೇವಿನವರ ಮೂರು. ಇದು ಹಿಂದಿನಿಂದ ಬಂದ ಸಾಲು. ನಾನು ದಿಬ್ಬದ ಮೇಲೆ ನಿಂತು ನೋಡಿದೆ. ಒಂದು ಮೊಲ ಇಳಿಜಾರಿನಲ್ಲಿ ಬಂತು, ಬಲೆಯ ಹತ್ತಿರ ತಿರುಗಿತು, ಬಲೆಯ ಪಕ್ಕದಲ್ಲೇ ಓಡಿ, ಎರಡು ಬಲೆಗಳ ನಡುವಿನ ಸಂದಿಯಲ್ಲಿ ತನ್ನ ಮನೆ ಬಾಗಿಲು ದಾಟಿದಂತೆ ದಾಟಿ ಹೋಯಿತು. ಹಿಂದೆಯೇ ಇನ್ನೊಂದು, ಇನ್ನೊಂದು ಸಂದಿಯಲ್ಲಿ.

ಇಳಿದು ಬಂದು ನೋಡಿದೆ. ಬಲೆಗೂ ಬಲೆಗೂ ನಡುವೆ ಒಬ್ಬ ಮನುಷ್ಯ ಅಡ್ಡಕ್ಕೆ ತೂರುವಷ್ಟು ಜಾಗ. ಹುಣಸೆಯವರ ಕೊನೆಯ ಬಲೆ ಬೇವಿನವರ ಮೊದಲ ಬಲೆಯನ್ನು ಕೂಡುವ ಒಂದೇ ಕಡೆ ಗಂಟು ಹಾಕಿದ್ದರು. ಉಳಿದೆಲ್ಲ ಸಂದು ಬಿಟ್ಟಿದ್ದರು. ಹಿಂದೆ ಸಂದಿಗೆ ಮುಳ್ಳುಕಂಟಿ ಒಡ್ಡುತ್ತಿದ್ದರಂತೆ. ಗುಡ್ಡದಲ್ಲಿ ಮುಳ್ಳುಕಂಟಿ ಅಳಿದು ಬಂದರಿಕೆ ಮಾತ್ರ ಉಳಿದ ಮೇಲೆ ಕಡಿದ ಕಂಟಿ ಎದ್ದು ಕಂಡು ಮೊಲ ಬಲೆಯ ಹತ್ತಿರವೇ ಬರುತ್ತಿರಲಿಲ್ಲ. ಗಂಟು ಹಾಕುವುದನ್ನು ಅವಸರದಲ್ಲಿ ಮರೆತಿದ್ದಾರೆ ಎಂದುಕೊಂಡು ನಾನೇ ಹುಣಸೆಯವರ ಎರಡು ಬಲೆಗಳ ತುದಿ ಸೇರಿಸಿ ಗಂಟು ಹಾಕತೊಡಗಿದೆ.

"ಏಯ್! ಏಯ್! ಬಿಚ್ರಿ!" ಎಂದು ಎರಡೂ ಕಡೆಯಿಂದ ಕೂಗು ಬಂತು. ಹಿರಿಯರು ಓಡಿ ಬಂದು ನನ್ನ ಕೈ ಹಿಡಿದರು.

"ಯಾಕ್ರಿ? ಸಂದಿನ್ಯಾಗ ಹೊಂಟಾವಲ್ರಿ!"

"ಇವೆರಡು ಅಣ್ಣತಮ್ಮರ ಬಲಿ. ಗಂಟು ಹಾಕ್ತಾರೇನು?"

ನನಗೆ ಇನ್ನೂ ತಿಳಿಯಲಿಲ್ಲ. ಬೇವಿನ ಯಜಮಾನ ಬಿಡಿಸಿ ಹೇಳಿದ: "ಸಾವ್ಕಾರ್ರ, ಗಂಟು ಹಾಕೋದು ಅಂದ್ರ ಏನ್ರಿ? ಗಂಡು ಹೆಣ್ಣಿಗೆ ಸೆರಗು ಗಂಟು ಹಾಕಂಗಿಲ್ಲೇನು? ಒಂದ ಬೆಡಗಿನ್ಯಾಗ ಕೊಡೋದು ತರೋದು ಇಲ್ಲ. ಮನಿ ಬಲಿ ಅಂದ್ರ ಮನೀನ. ಅಣ್ಣತಮ್ಮರ ಬಲಿಗೆ ಗಂಟು ಹಾಕಿದ್ರ ಅಣ್ಣತಂಗಿಗೆ ಹಾಕಿದಂಗ."

"ಗಂಟು ಬ್ಯಾಡ. ಒಂದರ ಮ್ಯಾಲೊಂದು ಹೊದಿಸಿದ್ರ?"

"ಒಂದ ಹೊದಿಕಿ ಒಳಗೇನು?" ಅಂದ. "ಅದು ಇನ್ನೂ ಚಲೋ ಆತು!"

ಜನವೆಲ್ಲ ನಕ್ಕಿತು. ನಾನೂ ನಕ್ಕೆ. ಹಿರಿಯರು ನಗಲಿಲ್ಲ. ಬಲೆ ಸುತ್ತುವಾಗ ಅವರ ಕೈ ನಿಧಾನವಾಗಿತ್ತು. ಹುರಿ ಸರಿಯಿದೆ, ಕಣ್ಣು ಸರಿಯಿದೆ, ಗೂಟ ಸರಿಯಿದೆ. ಮದುವೆ ಮಾತ್ರ ಸಂದಿಯಲ್ಲಿ ಹೊರಟು ಹೋಗುತ್ತಿತ್ತು.

ಮಧ್ಯಾಹ್ನ ಅವರ ಮನೆಯಲ್ಲಿ ಉಣ್ಣುವಾಗ ನನ್ನ ತಲೆಯಲ್ಲಿ ಒಂದೇ ವಿಷಯ: ಆ ಸಾಲಿನಲ್ಲಿ ಒಂದು ಗಂಟು ಇತ್ತಲ್ಲ? ಹುಣಸೆ ಬೇವು ಕೂಡುವ ಕಡೆ ಇತ್ತು; ಯಾಕೆಂದರೆ ಅವರು ಕೊಟ್ಟು ತರುವ ಬೀಗರು. ಹಾಗಾದರೆ ಎಲ್ಲ ಕಡೆಯೂ ಹುಣಸೆ ಬೇವೇ ಕೂಡುವಂತೆ ಮಾಡಿದರೆ? ಒಂದು ಹುಣಸೆ, ಒಂದು ಬೇವು, ಮತ್ತೆ ಹುಣಸೆ, ಮತ್ತೆ ಬೇವು. ಬದಲಿಸಬೇಕಾದದ್ದು ಬಲೆಯನ್ನಲ್ಲ, ಸಾಲನ್ನು. ನನ್ನ ಅಂಗಡಿಯಲ್ಲಿ ಇಲ್ಲದ ಮಾಲು ಅದು. ಆದರೆ ಅದನ್ನು ಕುದುರಿಸುವುದೇ ನನ್ನ ಕಸುಬು.

ಸಂಜೆ ಊರ ನಡುವಿನ ಬೇವಿನ ಮರದ ಕಟ್ಟೆಯ ಮೇಲೆ ಏಳೂ ಮನೆಯವರನ್ನು ಕೂಡಿಸಿದೆ. ನೆಲದ ಮೇಲೆ ಹುಣಸೆ ಬೀಜವನ್ನೂ ಬೇವಿನ ಎಲೆಯನ್ನೂ ಒಂದರ ಪಕ್ಕ ಒಂದು ಇಟ್ಟು ತೋರಿಸಿದೆ. ಗಂಟಿಗೆ ಯಾರೂ ತಕರಾರು ಮಾಡಲಿಲ್ಲ. ತಕರಾರು ಬಂದದ್ದು ತುದಿಗೆ. ಬೀಜ ನಾಲ್ಕು, ಎಲೆ ಮೂರು. ಹೇಗೆ ಜೋಡಿಸಿದರೂ ಎರಡೂ ತುದಿಗೆ ಬೀಜವೇ ಬರುತ್ತಿತ್ತು.

"ಮೊದಲೂ ನೀವ, ಕಡೀಗೂ ನೀವ. ನಡುವ ನಾವು," ಅಂದ ಬೇವಿನ ಯಜಮಾನ. "ನಮ್ಮನ್ನ ದೊಡ್ಡ್ಯಾಗ ಕೂಡಿದಂಗಾತು. ಹಿಂದ ಒಂದು ತುದಿಯರ ನಮಗಿತ್ತು. ಬ್ಯಾಡ್ರಿ."

"ಎರಡು ಬೀಜ ಕೂಡಿ ಇಟ್ಟು ಒಂದು ಸಂದು ಬಿಟ್ರ?" ಅಂತ ಯಾರೋ ಅಂದರು.

"ಮೊಲಕ್ಕ ಒಂದು ಸಂದು ಸಾಕಲ್ಲೇನ್ರಿ," ಅಂದೆ.

"ಲೇ, ಮೊಮ್ಮಗಳ ಮದುವಿ ಅಂತ ಕೇಳ್ತೀನೋ, ಒಪ್ಪಿಕೊಳ್ಳೋ," ಅಂದರು ಹಿರಿಯರು.

"ಲೇ, ಮೊಮ್ಮಗಳು ನನಗೂ ಮೊಮ್ಮಗಳ. ಮಾನ ಬ್ಯಾರೆ ಮಾತು."

ಆಡಬೇಕಾದ ಮಾತು ಮುಗಿದಿತ್ತು. ಇಂಥ ಹೊತ್ತಿನಲ್ಲಿ ಮಧ್ಯಸ್ಥ ಬಾಯಿ ಮುಚ್ಚಿಕೊಂಡಿರಬೇಕು. ಯಾರು ಮೌನ ತಾಳಲಾರರೋ ಅವರು ಬಿಟ್ಟುಕೊಡುತ್ತಾರೆ. ಹಿರಿಯರು ಬಗ್ಗಿ ಮೊದಲ ಹುಣಸೆ ಬೀಜವನ್ನು, ತಮ್ಮ ಮನೆಯದನ್ನು, ಎತ್ತಿ ಬಾಯಿಗೆ ಹಾಕಿಕೊಂಡು ಕಟುಂ ಎಂದು ಕಡಿದರು.

"ಈಗ ಮೂರಕ್ಕ ಮೂರಾತಲ್ಲ?"

ಆ ಮನೆಯ ಬಲೆ ಸಾಲಿನಿಂದ ಹೊರಗೆ ಬಿದ್ದ ನೆನಪು ಊರಿನಲ್ಲಿ ಯಾರಿಗೂ ಇರಲಿಲ್ಲ. ತಮ್ಮ ಬಲೆಗೆ ಮೊಲ ಬಿದ್ದು, ಹಂದರಕ್ಕೆ ಮೊದಲು ಮೊಮ್ಮಗಳ ಕೈಯಲ್ಲಿ ಮಣಿ ಕಟ್ಟಿಸಬೇಕೆಂದು ಅವರು ಆಸೆ ಇಟ್ಟುಕೊಂಡದ್ದು ನನಗೂ ಗೊತ್ತಿತ್ತು. ಬೇವಿನ ಯಜಮಾನ ಎದ್ದು ಪಂಚೆ ಕೊಡವಿದ. "ಹಲ್ಲು ಗಟ್ಟಿ ಅದಾವ ನೋಡು ಮುದುಕಂದು," ಅಂದು ಹೊರಟು ಹೋದ. ಒಪ್ಪಿಗೆ ಆಯಿತೆಂದು ಅದರ ಅರ್ಥ.

ಸಂಕ್ರಾಂತಿಯ ಬೆಳಿಗ್ಗೆ ಇಬ್ಬನಿ ಜೋರಾಗಿತ್ತು. ಮೂಡಗಾಳಿಗೆ ಎದುರಾಗಿ ಮೊಲಗಳು ಬರುವಂತೆ ಬಲೆಯನ್ನು ಕುಡುಗೋಲಿನ ಆಕಾರಕ್ಕೆ ಬಾಗಿಸಿ ಕಟ್ಟಿದೆವು. ಬೇವು ಹುಣಸೆ, ಬೇವು ಹುಣಸೆ. ಪ್ರತಿ ಗಂಟನ್ನೂ ಎರಡು ಮನೆಯವರು ಕೂಡಿಯೇ ಹಾಕಿದರು, ನಗುತ್ತ, ಬೀಗರ ಬೈಗುಳ ಬೈಯುತ್ತ. ಒಂದೊಂದು ಬಲೆಯ ಹಿಂದೆ ಕಂಬಳಿ ಹಿಡಿದು ಒಬ್ಬೊಬ್ಬರು ಕುಳಿತರು. ಮೊಲ ಬಿದ್ದ ಕೂಡಲೇ ಕಂಬಳಿ ಹೊದಿಸಬೇಕು, ಹಿಂಗಾಲು ಎರಡನ್ನೂ ಕೂಡಿಸಿ ಹಿಡಿದು ಅಡಿಗೆ ಕೈ ಕೊಡಬೇಕು. ಝಾಡಿಸಲು ಬಿಟ್ಟರೆ ತನ್ನ ಬೆನ್ನು ತಾನೇ ಮುರಿದುಕೊಳ್ಳುತ್ತದೆ.

ಸೋವು ಶುರುವಾಯಿತು. ಮೊದಲ ಮೊಲ ಜನರ ಕಾಲ ನಡುವೆಯೇ ಹಿಂದಕ್ಕೆ ನುಸುಳಿತು. ಎರಡನೆಯದು ಬಲೆಗೆ ಸಮೀಪ ಬಂದು, ತಿರುಗಿ, ಮೊನ್ನೆಯ ಹಾಗೆಯೇ ಬಲೆಯ ಪಕ್ಕದಲ್ಲಿ ಸಂದು ಹುಡುಕುತ್ತ ಓಡಿತು. ಸಂದು ಇರಬೇಕಾದಲ್ಲಿ ಗಂಟು ಇತ್ತು. ಅಲ್ಲಿಯೇ ಬಡಿಯಿತು. ಗೂಟಗಳು ಕಿತ್ತವು, ಬಲೆ ಕುಸಿಯಿತು, ಕಂಬಳಿ ಬಿತ್ತು. ಗಂಟಿನ ಈಚೆ ಬೇವಿನ ಯಜಮಾನನ ಬಲೆ. ಅವನ ಮಗ್ಗುಲಿಗೇ ಬಿದ್ದಿತ್ತು. ಮೊಲವನ್ನು ಕೂಸಿನಂತೆ ಎದೆಗೊತ್ತಿಕೊಂಡು ಅವನೇ ಇಳಿದು ಬಂದ.

ದೇವರ ಮುಂದೆ ಪೂಜಾರಿ ಬಿಳಿ ಬಟ್ಟೆಯಿಂದ ಮೊಲದ ಮೈ ಒರೆಸಿದ. ಬಟ್ಟೆ ತಿರುವಿದಾಗ ಅದರ ಮೇಲೆ ಕೆಂಪು ಕಲೆ.

ಹಿರಿಯರು ಕಂಬಕ್ಕೆ ಕೈ ಕೊಟ್ಟರು. ನಾನು ಆ ಕಲೆಯನ್ನೇ ನೋಡಿದೆ. ಅಂಗಡಿಯಲ್ಲಿ ಇಷ್ಟು ವರ್ಷ ಬಣ್ಣ ನೋಡಿದವನು ನಾನು. ರಕ್ತ ಹಾಗೆ ಹರಡುವುದಿಲ್ಲ, ಅಂಚು ಹಳದಿಯಾಗುವುದಿಲ್ಲ. ಇಬ್ಬನಿಗೆ ನೆಂದ ಬಲೆ ಬೇವಿನ ಯಜಮಾನನ ಹೆಗಲ ಮೇಲಿತ್ತು. ಅದನ್ನು ಎಳೆದು, ಬಟ್ಟೆಯ ಇನ್ನೊಂದು ತುದಿಯಲ್ಲಿ ಹಿಂಡಿ, ಎತ್ತಿ ಹಿಡಿದೆ. ಅದೇ ಕೆಂಪು, ಅದೇ ಹಳದಿ ಅಂಚು.

"ಬಣ್ಣ ಬಿಟ್ಟೈತ್ರಿ!" ಎಂದು ಕೂಗಿದೆ. "ನನ್ನ ಮಾಲು ಬಣ್ಣ ಬಿಟ್ಟೈತಿ! ತಂಗಡಿ ಬಣ್ಣ!"

ನನ್ನ ಮಾಲು ಕಳಪೆ ಎಂದು ನಾನೇ ಊರ ನಡುವೆ ನಿಂತು ಕೂಗಿದ್ದು ಜೀವಮಾನದಲ್ಲಿ ಅದೊಂದೇ ಸಲ. ಅಷ್ಟು ಸಂತೋಷದಿಂದ ಯಾವ ವ್ಯಾಪಾರಿಯೂ ಆ ಮಾತು ಹೇಳಿರಲಾರ.

ಪೂಜಾರಿ ಮೊಲದ ರೋಮ ಬಿಡಿಸಿ ಬಿಡಿಸಿ ನೋಡಿದ. ಕಿವಿ, ಮೂತಿ, ಪಾದ. ಬೇರೆ ಬಟ್ಟೆ ತರಿಸಿ ಮತ್ತೆ ಒರೆಸಿದ. ಬಟ್ಟೆ ಬಿಳಿಯಾಗಿಯೇ ಉಳಿಯಿತು.

"ಗ್ಯಾರಂಟಿ ಅಂದಿದ್ರೆಲ್ರಿ ಸಾವ್ಕಾರ್ರ?" ಅಂದ ಬೇವಿನ ಯಜಮಾನ. ಆಮೇಲೆ ಮಣಿಯ ದಾರ ಕೈಗೆತ್ತಿಕೊಂಡು, ಕಟ್ಟುವ ಹಕ್ಕು ತನ್ನ ಮನೆಯದಾದರೂ, ಗುಂಪಿನ ಹಿಂದೆ ಕಣ್ಣು ಹಾಯಿಸಿದ. "ಬಾರವ್ವ ಇಲ್ಲಿ. ನಮ್ಮ ಮನ್ಯಾಗ ಎಲ್ರ ಕೈನೂ ನಡುಗ್ತಾವ. ನೀನ ಕಟ್ಟು."

ಅವಳು ಬಂದು ಕಟ್ಟಿದಳು. ದಾರ ಸಡಿಲಾಗಿದೆಯೇ ಎಂದು ಒಂದು ಬೆರಳು ತೂರಿಸಿ ನೋಡಿದಳು. ಮೊಲವನ್ನು ನೆಲಕ್ಕೆ ಬಿಟ್ಟಾಗ ಅದು ಒಂದು ಗಳಿಗೆ ಅಲ್ಲೇ ಕುಳಿತು ಮೂಗು ಆಡಿಸಿತು, ಆಮೇಲೆ ಗುಡ್ಡದ ಕಡೆ ಹಾರಿತು. ಕೆಂಪು ಮಣಿ ಕಂಟಿಗಳ ನಡುವೆ ಎರಡು ಸಲ ಕಂಡಿತು.

ಮದುವೆಗೆ ಹಂದರದ ಹಗ್ಗವೆಲ್ಲ ನನ್ನದೇ. ಹರಪನಹಳ್ಳಿ ಬೀಗರು ಊಟ ಮುಗಿಸಿ ಎಲೆಯಡಿಕೆ ಹಾಕುವಾಗ ಹಿರಿಯರು ನನ್ನನ್ನು ಕರೆದು ಪಕ್ಕಕ್ಕೆ ಕೂಡಿಸಿಕೊಂಡರು. ಅವರ ಆ ಕಡೆ ಬೇವಿನ ಯಜಮಾನ ಕುಳಿತಿದ್ದ. ಹಳೆಯ ನಗು ಹಿರಿಯರ ಮುಖಕ್ಕೆ ವಾಪಸ್ ಬಂದಿತ್ತು.

"ಹುಡುಗೀಗೆ ಕೂಡಿ ಬಂತು," ಅಂದರು. "ಇನ್ನ ನಮ್ಮ ಮನಿ ಬಲಿ ಒಂದು ಕುಂತೈತಿ, ಗಂಟು ಬೀಳದ. ಅದಕ್ಕೂ ಒಂದು ಕಡಿ ನೋಡ್ರಿ."

ನಾನು ಬೇವಿನ ಯಜಮಾನನ ಮುಖ ನೋಡಿದೆ. ಅವನ ತಮ್ಮ ಆ ವರ್ಷ ಬೇರೆ ಒಲೆ ಹೂಡಿದ್ದ. ಹೊಸ ಮನೆಗೆ ಹೊಸ ಬಲೆಯ ಹಕ್ಕು ಬರಬೇಕಿತ್ತು. ಅದು ಬಂದರೆ ನಾಲ್ಕಕ್ಕೆ ನಾಲ್ಕು.

"ನೋಡಬಹುದು," ಅಂದ ಅವನು ಅಡಿಕೆ ಕಡಿಯುತ್ತ. "ಹುಡುಗನ ಕಡಿಯೋರು ನಾವು. ಏನು ಕೊಡ್ತೀರಿ?"

"ಹುರಿ ನಂದು," ಅಂದರು ಹಿರಿಯರು.

"ಬಣ್ಣ?"

ಇಬ್ಬರೂ ನನ್ನ ಕಡೆ ತಿರುಗಿದರು.

"ಎರಡು ಸಲ ಅದ್ದಿ, ನೆರಳಾಗ ಒಣಗಿಸಿ ಕೊಡ್ತೀನ್ರಿ," ಅಂದೆ.